"ಯಾರು ಕಸ್ಕೊಂಡಿದ್ರು?" ಎರಡನೇ ಕ್ಲಾಸಿನ ಮಗಳಿಗೆ ಏನು ಹೇಳಲಿ?

ಪ್ರಶ್ನೆ: ನಾವು ಕಲಬುರಗಿಯವರು. ಮಗಳು 2018ರ ಡಿಸೆಂಬರ್‌ನಲ್ಲಿ ಹುಟ್ಟಿದವಳು, ಎರಡನೇ ಕ್ಲಾಸ್. ನನ್ನ ತಮ್ಮ 1994ರಲ್ಲಿ ಹುಟ್ಟಿದವನು, ಬೆಂಗಳೂರಿನಲ್ಲಿ ಕೆಲಸ. ತಾನು ಗೇ ಎಂದು ಕೆಲವು ವರ್ಷದ ಹಿಂದೆ ನನಗೆ ಹೇಳಿದ್ದಾನೆ. ಈ ಸಲ ಶರಣಬಸವೇಶ್ವರ ಜಾತ್ರೆಗೆ ತನ್ನ ಸಂಗಾತಿಯನ್ನೂ ಕರೆದುಕೊಂಡು ಬಂದಿದ್ದ. ಅವನ ಮೊಬೈಲ್‌ನಲ್ಲಿ ಬಣ್ಣಬಣ್ಣದ ಬಾವುಟ ಹಿಡಿದ ಜನರ ಫೋಟೊ ನೋಡಿ ಮಗಳು ಇದೇನು ಅಂದಳು. "ನಮ್ಮ ಹಕ್ಕಿನ ಮೆರವಣಿಗಿ ಅದ" ಅಂದ. "ಹಕ್ಕು ಯಾರು ಕಸ್ಕೊಂಡಿದ್ರು?" ಅಂತ ಕೇಳಿದಳು. ತಮ್ಮ ನನ್ನ ಮುಖ ನೋಡಿದ. ನಾನು ಹಂಚಿನ ಮೇಲಿನ ರೊಟ್ಟಿ ತಿರುವುತ್ತಾ ಸುಮ್ಮನಾದೆ. ಆಕೆ ಇನ್ನೂ ಕೇಳುವುದು ಬಿಟ್ಟಿಲ್ಲ. ಇಷ್ಟು ಸಣ್ಣ ಕೂಸಿಗೆ ಇದೆಲ್ಲ ಯಾಕೆ ಎಂದು ಅತ್ತೆ ಅನ್ನುತ್ತಾರೆ. ಸುಳ್ಳು ಹೇಳಲು ನನಗೆ ಮನಸ್ಸಿಲ್ಲ. ಹೇಗೆ ಹೇಳಬೇಕು ಅನ್ನೋದೇ ಗೊತ್ತಾಗುತ್ತಿಲ್ಲ.

ಉತ್ತರ: ಮಗಳು ಕೇಳಿದ್ದನ್ನು ಇನ್ನೊಂದು ಸಲ ಓದಿ ನೋಡಿ, ತಂಗಿ. ಮಾಮಾ ಯಾಕೆ ಒಬ್ಬ ಗಂಡಸಿನ ಜೊತೆ ಇದ್ದಾನೆ ಅಂತ ಆಕೆ ಕೇಳೇ ಇಲ್ಲ. ಯಾರು ಕಸ್ಕೊಂಡಿದ್ರು ಅಂತ ಕೇಳಿದ್ದಾಳೆ. ಈ ವಿಷಯ ಬಂದ ಕೂಡಲೇ ದೊಡ್ಡವರಿಗೆ ಮಲಗುವ ಕೋಣೆ ನೆನಪಾಗಿ ಬಾಯಿ ಕಟ್ಟುತ್ತದೆ. ಆಕೆಯ ತಲೆಯಲ್ಲಿ ಅದಿಲ್ಲ. ಅಲ್ಲಿರುವುದು ಒಬ್ಬರ ವಸ್ತುವನ್ನು ಇನ್ನೊಬ್ಬರು ಕಿತ್ತುಕೊಂಡ ಜಗಳ. ಪೆನ್ಸಿಲ್ ಯಾರು ತಗೊಂಡ್ರು, ಅಣ್ಣನಿಗೆ ಎರಡು ಹೋಳಿಗೆ ನನಗೆ ಯಾಕೆ ಒಂದು, ಮಾತಾಡಿದ್ದು ಅವನು ನಿಲ್ಲಿಸಿದ್ದು ನನ್ನನ್ನು. ಏಳು ವರ್ಷದ ಮಗುವಿಗೆ ನ್ಯಾಯ ಅನ್ಯಾಯ ನಮಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಇಪ್ಪತ್ತೆರಡು ವರ್ಷದಿಂದ ಇದೇ ಊರಲ್ಲಿ ಮಕ್ಕಳ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ, ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ.

ಹಾಗಾಗಿ ಆಕೆ ಕೇಳಿದ್ದಕ್ಕೇ ಉತ್ತರ ಕೊಡಿ. ಒಂದು ನಿಯಮ ಇತ್ತು, ಯಾರೋ ಮಾಡಿದ್ದರು, ಅದರಿಂದ ಜನರಿಗೆ ನೋವಾಯಿತು, ಕೆಲವರು ಹೋಗಿ ಕೇಳಿದರು, ಬಹಳ ವರ್ಷ ಕೇಳಿದ ಮೇಲೆ ತೆಗೆದರು. ಅಷ್ಟೂ ಇತಿಹಾಸ ಇದರೊಳಗೆ ಕೂರುತ್ತದೆ. ಮೈಯ ವಿಷಯ ಒಂದು ಸಾಲೂ ಬೇಕಾಗುವುದಿಲ್ಲ. ನಿಮ್ಮ ಅತ್ತೆಯವರಿಗೂ ಇದನ್ನೇ ಹೇಳಿ. ಮನೆಯಲ್ಲಿ ಮದುವೆ ನಡೆದಾಗ ಮಕ್ಕಳನ್ನು ಆಚೆ ಕಳಿಸುತ್ತೇವಾ? ಅರಿಶಿನ ಹಚ್ಚುವಾಗ ಮುಂದೆ ನಿಂತಿರುವವರೇ ಮಕ್ಕಳು. ಮದುಮಕ್ಕಳು ಯಾರು ಅಂದರೆ, ಇನ್ನು ಮುಂದೆ ಇವರಿಬ್ಬರೂ ಕೂಡಿ ಇರ್ತಾರೆ ಅಂತ ಹೇಳುತ್ತೇವೆ. ಅದಕ್ಕಿಂತ ಹೆಚ್ಚು ಮಕ್ಕಳು ಕೇಳುವುದೂ ಇಲ್ಲ, ನಾವು ಹೇಳುವುದೂ ಇಲ್ಲ. ಮಾಮಾನ ವಿಷಯಕ್ಕೂ ಅಷ್ಟೇ ಸಾಕು.

ಶುರು ಮಾಡುವ ಮುಂಚೆ ಒಂದು ಕೆಲಸ ಇದೆ. ತಮ್ಮನಿಗೆ ಫೋನ್ ಮಾಡಿ. ಮಗಳಿಗೆ ಎಷ್ಟು ಹೇಳಲಿ, ನಿನ್ನ ಸಂಗಾತಿಯನ್ನು ಏನಂತ ಹೇಳಲಿ ಎಂದು ಕೇಳಿ. ಇದು ಅವರ ಬದುಕು, ಮೊದಲ ಮಾತು ಅವರದ್ದೇ ಇರಬೇಕು. ಯಾಕೆ ಹೇಳುತ್ತಿದ್ದೇನೆ ಅಂದರೆ ನಮ್ಮ ಊರಲ್ಲಿ ಮಕ್ಕಳ ಬಾಯಿಂದ ಮಾತು ಎಷ್ಟು ಬೇಗ ಓಣಿ ದಾಟುತ್ತದೆ ಎಂದು ನಿಮಗೇ ಗೊತ್ತು. ಇವತ್ತು ಮಗಳಿಗೆ ಹೇಳಿದ್ದು ನಾಳೆ ಸ್ಕೂಲ್ ಆಟೋದಲ್ಲಿ, ನಾಡಿದ್ದು ಬೀಗರ ಮನೆಯಲ್ಲಿ. ಅದಕ್ಕೆ ತಮ್ಮ ಸಿದ್ಧ ಇದ್ದಾನಾ? ಇಲ್ಲ ಅಂದರೆ ಇತಿಹಾಸ ಹೇಳಿ, ಅವನ ಹೆಸರು ಬಿಡಿ. ಆದರೆ ಅವನಾಗಿಯೇ "ನಮ್ಮ ಹಕ್ಕು" ಅಂದಿದ್ದಾನಲ್ಲ, ಹೇಳು ಅಕ್ಕ ಅಂತಲೇ ಅನ್ನಬಹುದು.

ಹಾಗೆ ಒಪ್ಪಿದ ಮೇಲೆ ಮಗಳಿಗೆ "ಯಾರಿಗೂ ಹೇಳಬ್ಯಾಡ" ಅಂತ ಮಾತ್ರ ಅನ್ನಬೇಡಿ. ಇದು ಬಹಳ ಮುಖ್ಯ. ಮನೆಯಲ್ಲಿ ಹೇಳಬೇಡ ಎಂದು ಯಾರಾದರೂ ಅಂದರೆ ಓಡಿ ಬಂದು ಅವ್ವನಿಗೆ ಹೇಳು ಅಂತ ನಾವೇ ಮಕ್ಕಳಿಗೆ ಕಲಿಸುತ್ತೇವೆ. ಗುಟ್ಟು ಅಂದ ಕೂಡಲೇ ಮಗುವಿನ ಮನಸ್ಸಲ್ಲಿ ಅದು ಕೆಟ್ಟದ್ದಾಗುತ್ತದೆ, ಮಾಮಾನೂ ಕೆಟ್ಟವನಾಗುತ್ತಾನೆ. ಅದರ ಬದಲು ಹೀಗೆ ಹೇಳಿ: "ಇದು ಮಾಮಾನ ಮಾತು. ಯಾರಿಗೆ ಹೇಳಬೇಕು ಅಂತ ಮಾಮಾನ ನೋಡ್ಕೋತಾನ. ನಿನಗೇನಾರ ಕೇಳೋದಿದ್ರ ನನ್ನ ಕೇಳು." ಇಷ್ಟನ್ನು ಏಳು ವರ್ಷದ ಮಗು ಪಾಲಿಸುತ್ತದೆ. ತಪ್ಪಿ ಎಲ್ಲಾದರೂ ಹೇಳಿದರೂ ಬೈಯಬೇಡಿ.

ಇನ್ನು ಶಬ್ದದ ಮಾತು. ಪೇಪರ್‌ನಲ್ಲಿ, ಟಿವಿಯಲ್ಲಿ "ಸಲಿಂಗಕಾಮ" ಅಂತ ಬರುತ್ತದೆ. ಆ ಶಬ್ದ ಮನೆಯೊಳಗೆ ತರಬೇಡಿ. ಗಂಡು ಹೆಣ್ಣು ಪ್ರೀತಿಸಿದರೆ ಪ್ರೀತಿ, ಇವರು ಪ್ರೀತಿಸಿದರೆ ಕಾಮ. ಈ ಭೇದ ನಮ್ಮ ಭಾಷೆಯಲ್ಲೇ ಕೂತುಬಿಟ್ಟಿದೆ. ನನಗೆ ಆ ಶಬ್ದ ಕೇಳಿದಾಗಲೆಲ್ಲ ಸಂಕಟ ಆಗುತ್ತದೆ. "ಕೆಲವು ಗಂಡಸರಿಗೆ ಗಂಡಸರ ಮೇಲೆ ಪ್ರೀತಿ ಬರ್ತದ, ಕೆಲವು ಹೆಂಗಸರಿಗೆ ಹೆಂಗಸರ ಮೇಲೆ. ಅವರಿಗೆ ಗೇ ಅಂತಾರ." ಸಾಕು. ಮುಂದೆ ದೊಡ್ಡವಳಾದಾಗ ಸಲಿಂಗಿ, ಲೈಂಗಿಕ ಅಲ್ಪಸಂಖ್ಯಾತರು ಎಂಬ ಶಬ್ದಗಳು ತಾವಾಗೇ ಬರುತ್ತವೆ.

ಈಗ ಕಥೆಗೆ ಬರೋಣ. ಮಕ್ಕಳಿಗೆ 1862 ಅಂದರೆ ಏನೂ ಅರ್ಥ ಆಗುವುದಿಲ್ಲ. ನೂರು ವರ್ಷ, ಇನ್ನೂರು ವರ್ಷ ಎಲ್ಲ ಒಂದೇ. ಅದಕ್ಕೇ ನಾನು ಒಂದು ಉಪಾಯ ಮಾಡಿಕೊಂಡಿದ್ದೇನೆ. ತೊಗರಿ ನಾಡಿನವರು ನಾವು, ಮನೆಯಲ್ಲಿ ಇಡೀ ತೊಗರಿ ಕಾಳು ಇದ್ದೇ ಇರುತ್ತದೆ. ಒಂದು ಮುಷ್ಟಿ ಕೆಂಪು ತೊಗರಿ, ಸ್ವಲ್ಪ ಬಿಳಿ ಜೋಳ, ಒಂದು ದೊಡ್ಡ ಪರಾತ ತೆಗೆದುಕೊಳ್ಳಿ. ಒಂದು ಕಾಳು ಅಂದರೆ ಒಂದು ವರ್ಷ. ನಿಯಮ ಇದ್ದ ವರ್ಷಕ್ಕೆ ತೊಗರಿ, ಇಲ್ಲದ ವರ್ಷಕ್ಕೆ ಜೋಳ. ಹತ್ತು ಹತ್ತರ ಸಾಲು ಮಾಡಿ ಆಕೆಯ ಕೈಯಿಂದಲೇ ಇಡಿಸಿ.

ಮೊದಲನೇ ಕಾಳು 1862. ಬ್ರಿಟಿಷರು ಆಳುವಾಗ ಇಡೀ ದೇಶಕ್ಕೆ ಒಂದೇ ದಂಡದ ಪುಸ್ತಕ ಬೇಕು ಎಂದು ಮೆಕಾಲೆ ಎಂಬ ಅಧಿಕಾರಿ 1830ರ ದಶಕದಲ್ಲಿ ಅದರ ಕರಡು ಬರೆದ. 1860ರಲ್ಲಿ ಅದು ಭಾರತೀಯ ದಂಡ ಸಂಹಿತೆ ಆಯಿತು, 1862ರ ಜನವರಿ 1ರಿಂದ ಜಾರಿಗೆ ಬಂತು. ಅದರ 377ನೇ ಸೆಕ್ಷನ್ ಗೇ ಜನರ ಪ್ರೀತಿಯನ್ನು ಪ್ರಕೃತಿಗೆ ವಿರುದ್ಧ ಅಂದಿತು. ಹತ್ತು ವರ್ಷದವರೆಗೆ, ಕೆಲವೊಮ್ಮೆ ಜೀವನಪೂರ್ತಿ ಜೈಲು. ಮಗಳಿಗೆ ಇಷ್ಟು ಬೇಡ. "ದೂರದ ದೇಶದಿಂದ ಬಂದವರು ಒಂದು ನಿಯಮ ಬರೆದ್ರು. ಇಂಥವರು ಪ್ರೀತಿ ಮಾಡಿದ್ರ ಪೊಲೀಸರು ಹಿಡೀಬಹುದು ಅಂತ ಅದರಾಗ ಇತ್ತು." ಆಕೆ ಖಂಡಿತ ಕೇಳುತ್ತಾಳೆ, ಅವರು ಏನು ತಪ್ಪು ಮಾಡಿದ್ರು? ಏನೂ ಇಲ್ಲ ಅಂತ ಹೇಳಿ. ಅಲ್ಲಿ ಒಂದು ನಿಮಿಷ ಸುಮ್ಮನಿರಿ. ಆ ಉತ್ತರ ಆಕೆಯ ಒಳಗೆ ಇಳಿಯಲಿ.

ಕಾಳು ಇಡುತ್ತಾ ಹೋದ ಹಾಗೆ 58ನೇ ಕಾಳಿಗೆ ನಮ್ಮ ಭಾಗದ್ದೇ ಒಂದು ಸಂಗತಿ ಇದೆ. ಕಲಬುರಗಿ, ಬೀದರ್, ಯಾದಗಿರಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬ್ರಿಟಿಷರ ದಂಡ ಸಂಹಿತೆ ಇಲ್ಲಿಗೆ ನೇರವಾಗಿ ಬಂದದ್ದು ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ. ಆದರೆ 1919ರಲ್ಲಿ ನಿಜಾಮ ಸರ್ಕಾರವೂ ತನ್ನದೇ ಒಂದು ಕಾನೂನು ಮಾಡಿತ್ತು. ಮಂಗಳಮುಖಿಯರ ಹೆಸರನ್ನು ರಿಜಿಸ್ಟರ್‌ನಲ್ಲಿ ಬರೆದಿಡುವುದು, ಸೀರೆ ಉಟ್ಟು ಬೀದಿಯಲ್ಲಿ ಹಾಡಿ ಕುಣಿದರೆ ಹಿಡಿಯುವುದು ಅದರಲ್ಲಿತ್ತು. ಆ ಹಳೇ ಕಾನೂನು ಪಕ್ಕದ ತೆಲಂಗಾಣದಲ್ಲಿ ಪುಸ್ತಕದಲ್ಲಿ ಉಳಿದೇ ಇತ್ತು. ಅಲ್ಲಿಯ ಹೈಕೋರ್ಟ್ 2023ರ ಜುಲೈನಲ್ಲಿ ಅದನ್ನು ರದ್ದು ಮಾಡಿತು. ನೂರು ವರ್ಷ ದಾಟಿತ್ತು. ನಾನಾಗಿದ್ದರೆ ಮಗಳಿಗೆ ಇದನ್ನು ಹೇಳುತ್ತೇನೆ. ಇಲ್ಲದಿದ್ದರೆ ಕೆಟ್ಟ ನಿಯಮ ಮಾಡುವವರು ಯಾವಾಗಲೂ ಹೊರಗಿನವರೇ ಎಂದು ಆಕೆ ತಿಳಿದುಕೊಳ್ಳುತ್ತಾಳೆ. ಅದು ನಿಜ ಅಲ್ಲ.

86ನೇ ಕಾಳು 1947. ಇಲ್ಲಿ ಆಕೆಗೆ ಖುಷಿ ಆಗುತ್ತದೆ, ಶಾಲೆಯಲ್ಲಿ ಬಾವುಟ ಹಾರಿಸಿದ್ದು ಗೊತ್ತು. 87ನೆಯದು 1948, ಸೆಪ್ಟೆಂಬರ್ 17ಕ್ಕೆ ನಮ್ಮ ಭಾಗದಲ್ಲಿ ಇನ್ನೊಂದು ಸಲ ಬಾವುಟ ಹಾರಿಸುತ್ತೇವಲ್ಲ, ಅದು. ಈಗ ಜೋಳ ಇಡಲಾ ಎಂದು ಕೈ ಚಾಚುತ್ತಾಳೆ. ಇಲ್ಲ, ತೊಗರಿಯೇ ಇಡು ಅನ್ನಿ. ಬ್ರಿಟಿಷರು ಹೋದ್ರಲ್ಲ, ಅವರ ನಿಯಮ ಯಾಕೆ ಉಳೀತು? ಈ ಪ್ರಶ್ನೆಯನ್ನು ದೊಡ್ಡವರೇ ಸರಿಯಾಗಿ ಕೇಳುವುದಿಲ್ಲ. ಹಳೇ ಕಾನೂನು ಪುಸ್ತಕಗಳನ್ನೇ ಹೊಸ ದೇಶ ಮುಂದುವರಿಸಿತು, ಅದು ಒಂದು ಕಾರಣ. ಇನ್ನೊಂದು, ಆ ನಿಯಮದಿಂದ ನೋವು ಪಟ್ಟವರು ಎದ್ದು ನಿಂತು ಇದು ತಪ್ಪು ಅನ್ನುವ ಹಾಗೇ ಇರಲಿಲ್ಲ. ಅಂದರೆ ಅವರೇ ಸಿಕ್ಕಿಬೀಳುತ್ತಿದ್ದರು. ಮಗಳಿಗೆ ಹೀಗೆ ಹೇಳಿ: "ಕೈ ಎತ್ತಿ ಮಾತಾಡಿದ್ರ ಶಿಕ್ಷೆ ಕೊಡೋ ಕ್ಲಾಸಿನ್ಯಾಗ ಯಾರು ಕೈ ಎತ್ತತಾರ?"

ಸಾಲು ಮುಂದುವರಿಯಲಿ. 133ನೇ ಕಾಳಿನ ಹತ್ತಿರ ನಿಲ್ಲಿಸಿ. ಅದು 1994, ಮಾಮಾ ಹುಟ್ಟಿದ ಕಾಳು. ಅದೂ ತೊಗರಿ. ಅಷ್ಟು ಹೇಳಿದರೆ ಸಾಕು, ವಿವರಣೆ ಬೇಡ. ನಾನು ಇದನ್ನು ಬೇರೆ ಮನೆಗಳಲ್ಲಿ ಮಾಡಿಸಿದ್ದೇನೆ. ತಮ್ಮವರು ಹುಟ್ಟಿದ ಕಾಳನ್ನು ಮಕ್ಕಳು ಬೆರಳಿಂದ ಒಂದು ಸಲ ಮುಟ್ಟಿ ನೋಡುತ್ತಾರೆ.

ಆ ಹೊತ್ತಿಗೆ ಕೈ ಎತ್ತುವವರು ಶುರುವಾಗಿದ್ದರು. 1990ರ ಮೇ 17ರಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಿಂದ ಇದನ್ನು ತೆಗೆದುಹಾಕಿತ್ತು. 1999ರ ಜುಲೈ 2ರಂದು ಕೋಲ್ಕತ್ತದಲ್ಲಿ ಸುಮಾರು ಹದಿನೈದು ಜನ ಹಳದಿ ಟೀ ಶರ್ಟ್ ಹಾಕಿಕೊಂಡು ರಸ್ತೆಯಲ್ಲಿ ನಡೆದರು. ನಮ್ಮ ದೇಶದ ಮೊದಲ ಮೆರವಣಿಗೆ ಅದು. ಹದಿನೈದು ಜನ ಅಂದರೆ ಎಷ್ಟು? ಮಗಳ ಸ್ಕೂಲ್ ಆಟೋದಲ್ಲಿ ತುರುಕಿ ಕೂರುವಷ್ಟು. ಬೆಂಗಳೂರಲ್ಲಿ 2008ರಲ್ಲಿ ಶುರುವಾಯಿತು. ಮಾಮಾನ ಮೊಬೈಲ್‌ನಲ್ಲಿ ಆಕೆ ನೋಡಿದ ಜನಜಾತ್ರೆ ಅಲ್ಲಿಂದ ಬೆಳೆದದ್ದು.

2001ರಲ್ಲಿ ನಾಜ್ ಫೌಂಡೇಶನ್ ಎಂಬ ಸಂಸ್ಥೆ ದೆಹಲಿ ಹೈಕೋರ್ಟ್‌ಗೆ ಹೋಯಿತು. 2009ರ ಜುಲೈ 2ರಂದು ಕೋರ್ಟು, ದೊಡ್ಡವರು ಇಬ್ಬರು ಮನಸಾರೆ ಒಪ್ಪಿ ಕೂಡಿದರೆ ಅದು ಅಪರಾಧ ಅಲ್ಲ ಅಂತ ಹೇಳಿತು. ಇಲ್ಲಿಗೆ 147 ತೊಗರಿ ಮುಗಿದಿರುತ್ತವೆ. ಈಗ ಜೋಳ ಇಡಲು ಹೇಳಿ. ಒಂದು, ಎರಡು, ಮೂರು, ನಾಲ್ಕು.

ಆಮೇಲೆ ಮತ್ತೆ ತೊಗರಿ.

ಈ ಜಾಗದಲ್ಲಿ ಮಗು ಸಿಟ್ಟಾಗುತ್ತದೆ. ಕೊಟ್ಟು ಮತ್ತೆ ಕಸ್ಕೊಂಡ್ರಾ ಅನ್ನುತ್ತದೆ. ಹೌದು. 2013ರ ಡಿಸೆಂಬರ್ 11, ಬುಧವಾರ. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಹೈಕೋರ್ಟ್ ತೀರ್ಪನ್ನು ಪಕ್ಕಕ್ಕೆ ಸರಿಸಿತು. ಕಾನೂನು ಬದಲಿಸಬೇಕಿದ್ದರೆ ಸಂಸತ್ತು ಬದಲಿಸಲಿ ಎಂದಿತು. ಮರುದಿನ ನನ್ನ ಹತ್ತಿರ ಒಬ್ಬ ಡಿಗ್ರಿ ಹುಡುಗ ಬಂದಿದ್ದ. ಅಂಗಿ ಜೇಬಿನಲ್ಲಿ ಪೇಪರ್ ತುಂಡು, ಎಂಟು ಮಡಿಕೆ ಮಾಡಿಟ್ಟಿದ್ದ. ಬಿಚ್ಚಿ ಟೇಬಲ್ ಮೇಲೆ ಇಟ್ಟ. ಮಡಿಕೆ ಬಿದ್ದ ಕಡೆ ಅಕ್ಷರ ಆಗಲೇ ಅಳಿಸಿತ್ತು. "ಮೇಡಂ, ಮೊನ್ನೆ ತನಕ ನಾ ಚಲೋನೇ ಇದ್ದೆ. ನಿನ್ನೆ ಏನ್ ಮಾಡೀನ್ರಿ ನಾ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಇಬ್ಬರೂ ಚಹಾ ಕುಡಿದೆವು, ಅಷ್ಟೇ. ಅದಾಗಿ ಐದು ವರ್ಷಕ್ಕೆ, 2018ರ ಸೆಪ್ಟೆಂಬರ್ 6ರಂದು ಮಧ್ಯಾಹ್ನ ಅವನೇ ಫೋನ್ ಮಾಡಿದ. ಮಾತಾಡಲಿಲ್ಲ, ಟಿವಿ ಸದ್ದು ಕೇಳಿಸಿದ.

ಆದ್ದರಿಂದ 2013ನ್ನು ಹಾರಿಸಬೇಡಿ. ಮಗುವಿಗೆ ಬೇಜಾರಾಗುತ್ತದೆ ಎಂದು ಎಷ್ಟೋ ತಾಯಂದಿರು ಇಂಥದ್ದನ್ನು ಬಿಟ್ಟು ಸಿಹಿ ಮಾತ್ರ ಹೇಳುತ್ತಾರೆ. ಬೇಜಾರಾಗಲಿ ಬಿಡಿ. ಆ ಐದು ತೊಗರಿ ಇಡುವಾಗ ಬರುವ ಸಿಟ್ಟೇ ಈ ಇತಿಹಾಸವನ್ನು ಆಕೆಗೆ ಅರ್ಥ ಮಾಡಿಸುತ್ತದೆ. ನಂತರ ಹೇಳಿ, ಆ ಐದು ವರ್ಷ ಯಾರೂ ಸುಮ್ಮನೆ ಕೂರಲಿಲ್ಲ ಎಂದು.

ಯಾರು ಯಾರು ಹೋದರು? ನವತೇಜ್ ಸಿಂಗ್ ಜೋಹರ್ ಎಂಬ ಭರತನಾಟ್ಯ ಕಲಾವಿದರು ಹೋದರು. ಒಬ್ಬರು ಪತ್ರಕರ್ತರು, ಒಬ್ಬರು ಅಡುಗೆಯಲ್ಲಿ ಹೆಸರು ಮಾಡಿದವರು. ಐಐಟಿಯಲ್ಲಿ ಓದಿದ ಹುಡುಗ ಹುಡುಗಿಯರು. ನಮ್ಮ ಕರ್ನಾಟಕದ ಅಕ್ಕೈ ಪದ್ಮಶಾಲಿ ಕೂಡ ಕೋರ್ಟ್ ಮೆಟ್ಟಿಲು ಹತ್ತಿದರು. ಇವರಿಗೂ ಮುಂಚೆ, ಹೈಕೋರ್ಟ್ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಕೇಸ್ ನಡೆಯುವಾಗ ಕೆಲವು ತಂದೆ ತಾಯಂದಿರೂ ಹೋಗಿದ್ದರು. ಈ ಕಾನೂನು ನಮ್ಮ ಮನೆಗಳನ್ನೂ ಸುಡುತ್ತಿದೆ ಎಂದು ಕೋರ್ಟಿಗೆ ಹೇಳಲು ಹೋಗಿದ್ದರು. ಇದನ್ನು ಓದುವಾಗೆಲ್ಲ ನನಗೆ ಕಣ್ಣು ತುಂಬುತ್ತದೆ.

ಮಧ್ಯದಲ್ಲಿ ಒಬ್ಬ ತಾತ ಬರುತ್ತಾರೆ. ಮಕ್ಕಳಿಗೆ ಈ ಭಾಗ ಬಹಳ ಇಷ್ಟ. ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದರು. ಅವರು ಹೋದದ್ದು ಗೇ ಜನರಿಗಾಗಿ ಅಲ್ಲ. ಆದರೆ ಆ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು, ಮನುಷ್ಯನ ಖಾಸಗಿ ಬದುಕು ಅವನ ಮೂಲಭೂತ ಹಕ್ಕು ಎಂದರು. ಯಾರನ್ನು ಪ್ರೀತಿಸುತ್ತೇವೆ ಅನ್ನುವುದೂ ಅದರಲ್ಲೇ ಬಂತು. ಒಂದು ವರ್ಷದ ನಂತರದ ತೀರ್ಪಿಗೆ ಇದೇ ಬುನಾದಿ. ಮಗಳಿಗೆ ಹೀಗೆ ಹೇಳಬಹುದು: "ನಮ್ಮ ಕರ್ನಾಟಕದ ಒಬ್ಬ ಅಜ್ಜಾರು ಬ್ಯಾರೆ ಯಾವುದೋ ಬಾಗಿಲ ತೆಗೀರಿ ಅಂತ ಕೇಳಿದ್ರು. ತೆಗೆದಾಗ ಮಾಮಾಗೂ ದಾರಿ ಆಯ್ತು."

2018ರ ಸೆಪ್ಟೆಂಬರ್ 6. ಐದು ಜನ ನ್ಯಾಯಮೂರ್ತಿಗಳು, ಐವರದ್ದೂ ಒಂದೇ ಮಾತು. ಮನಸಾರೆ ಒಪ್ಪಿದ ದೊಡ್ಡವರ ಪ್ರೀತಿ ಅಪರಾಧ ಅಲ್ಲ. ಅವರಲ್ಲಿ ಒಬ್ಬರಾದ ಇಂದು ಮಲ್ಹೋತ್ರಾ, ಇಷ್ಟು ತಡವಾಗಿದ್ದಕ್ಕೆ ಈ ಜನರಿಗೂ ಅವರ ಮನೆಯವರಿಗೂ ಇತಿಹಾಸ ಕ್ಷಮೆ ಕೇಳಬೇಕು ಎಂದು ಬರೆದರು. ಮನೆಯವರಿಗೂ ಅಂದಿದ್ದಾರೆ ನೋಡಿ. ಅದರಲ್ಲಿ ನೀವೂ ಬಂದಿರಿ, ತಂಗಿ. ದಂಡ ಸಂಹಿತೆಯ ಬದಲು 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಆ ಸೆಕ್ಷನ್ನೇ ಇಲ್ಲ.

ಈಗ 2018ರ ಬಿಳಿ ಜೋಳ ಇಡಿಸಿ. ಇದು ಯಾರ ಕಾಳು ಗೊತ್ತಾ ಅಂತ ಕೇಳಿ. ಆಕೆಯದ್ದೇ. ತೀರ್ಪು ಬಂದ ಮೂರು ತಿಂಗಳಿಗೆ ನಿಮ್ಮ ಮಗಳು ಹುಟ್ಟಿದ್ದಾಳೆ. ಅಲ್ಲಿಂದ ಇವತ್ತಿನವರೆಗೆ ಜೋಳ ಇಟ್ಟು ಸಾಲು ಮುಗಿಸಲಿ.

ಹೊರದೇಶದ ಕಥೆ ಇನ್ನೊಂದು ದಿನಕ್ಕಿರಲಿ, ಅದೂ ಸ್ವಲ್ಪವೇ. ಆಕೆ ನೋಡಿದ ಬಾವುಟದಿಂದ ಶುರು ಮಾಡಿ. 1978ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗಿಲ್ಬರ್ಟ್ ಬೇಕರ್ ಎಂಬವರು ಗೆಳೆಯರನ್ನು ಕೂಡಿಸಿಕೊಂಡು ಬಟ್ಟೆಗೆ ಕೈಯಿಂದಲೇ ಬಣ್ಣ ಹಾಕಿ ಹೊಲಿದರು. ನಮ್ಮ ಆಯಿಗಳು ಕೂಡಿ ಕೂತು ಕೌದಿ ಹೊಲಿಯುತ್ತಾರಲ್ಲ, ಹಾಗೆ. ಮೊದಲು ಎಂಟು ಬಣ್ಣ ಇದ್ದವು. ದಟ್ಟ ಗುಲಾಬಿ ಬಟ್ಟೆ ಬೇಕಾದಷ್ಟು ಸಿಗದೆ ಒಂದು ಹೋಯಿತು, ಆಮೇಲೆ ಇನ್ನೊಂದು. ಕೊನೆಗೆ ಆರು ಉಳಿದವು. ಹಳದಿ ಅಂದರೆ ಬಿಸಿಲು, ಹಸಿರು ಅಂದರೆ ಗಿಡಮರ. ಕ್ರೇಯಾನ್ ಕೊಟ್ಟರೆ ಆಕೆ ತಾನೇ ಬರೆಯುತ್ತಾಳೆ. ಮೆರವಣಿಗೆ ಯಾಕೆ ಶುರುವಾಯಿತು ಅಂದರೆ, 1969ರ ಜೂನ್ 28ರ ರಾತ್ರಿ ನ್ಯೂಯಾರ್ಕ್‌ನಲ್ಲಿ ಇವರೆಲ್ಲ ಸೇರುತ್ತಿದ್ದ ಸ್ಟೋನ್‌ವಾಲ್ ಎಂಬ ಜಾಗಕ್ಕೆ ಪೊಲೀಸರು ನುಗ್ಗಿದರು, ಆ ಸಲ ಜನ ಹೆದರಿ ಓಡಲಿಲ್ಲ. ಮರುವರ್ಷ ಅದೇ ದಿನ ಮೆರವಣಿಗೆ ಮಾಡಿದರು. ಇಷ್ಟು ಸಾಕು.

ಕಂಪ್ಯೂಟರ್ ಇಷ್ಟ ಇದ್ದರೆ ಅಲನ್ ಟ್ಯೂರಿಂಗ್ ಅವರ ವಿಷಯ ಹೇಳಬಹುದು. ಕಂಪ್ಯೂಟರ್ ಹೇಗಿರಬೇಕೆಂದು ಮೊದಲೇ ಯೋಚಿಸಿದವರು, ಎರಡನೇ ಮಹಾಯುದ್ಧದಲ್ಲಿ ಶತ್ರುಗಳ ಗುಪ್ತಲಿಪಿ ಬಿಡಿಸಿದವರು. ಅವರ ದೇಶವೇ 1952ರಲ್ಲಿ ಗೇ ಎಂಬ ಕಾರಣಕ್ಕೆ ಅವರಿಗೆ ಶಿಕ್ಷೆ ಕೊಟ್ಟಿತು. ಅವರು ಸತ್ತ ಬಗೆ ಈ ವಯಸ್ಸಿಗೆ ಬೇಡ. ನಮಗೆ ನಿಯಮ ಕೊಟ್ಟುಹೋದ ಇಂಗ್ಲೆಂಡ್ 1967ರಲ್ಲೇ ತನ್ನ ನಿಯಮ ಸಡಿಲಿಸಿಕೊಂಡಿತು. ಟ್ಯೂರಿಂಗ್‌ಗೆ ರಾಣಿಯ ಕ್ಷಮಾದಾನ ಬಂದದ್ದು 2013ರ ಡಿಸೆಂಬರ್‌ನಲ್ಲಿ. ನನ್ನ ಟೇಬಲ್ ಮೇಲೆ ಆ ಹುಡುಗ ಪೇಪರ್ ತುಂಡು ಇಟ್ಟ ತಿಂಗಳೇ ಅದು. 2021ರಲ್ಲಿ ಅಲ್ಲಿಯ 50 ಪೌಂಡ್ ನೋಟಿನ ಮೇಲೆ ಅವರ ಚಿತ್ರ ಬಂತು. ನೋಟಿನ ಮೇಲೆ ಚಿತ್ರ ಅಂದರೆ ಮಕ್ಕಳಿಗೆ ದೊಡ್ಡ ಗೌರವ, ಗಾಂಧಿ ಅಜ್ಜನ ಹಾಗೆ.

ಕಥೆ ಮುಗಿದ ಕೂಡಲೇ ಬರುವ ಪ್ರಶ್ನೆ ಇದು: ಹಂಗಾದ್ರ ಮಾಮಾನ ಮದುವಿ ಯಾವಾಗ? ನಮ್ಮ ದೇಶದಲ್ಲಿ ಇನ್ನೂ ಆಗುವುದಿಲ್ಲ ಅಂತ ನೇರ ಹೇಳಿ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಅದನ್ನು ಸಂಸತ್ತಿಗೆ ಬಿಟ್ಟಿತು. ನೆದರ್ಲೆಂಡ್ಸ್‌ನಲ್ಲಿ 2001ರಿಂದ ಆಗುತ್ತಿದೆ, ತೈವಾನ್‌ನಲ್ಲಿ 2019ರಿಂದ, ಥಾಯ್ಲೆಂಡ್‌ನಲ್ಲಿ 2025ರಿಂದ. ಪಕ್ಕದ ನೇಪಾಳದಲ್ಲಿ 2023ರಲ್ಲಿ ಮೊದಲ ನೋಂದಣಿ ಆಯಿತು. "ಮದುವಿ ಇಲ್ಲಾಂದ್ರೂ ಅವರಿಬ್ಬರೂ ಒಬ್ಬರಿಗೊಬ್ಬರು ಇದ್ದಾರ, ಜ್ವರ ಬಂದ್ರ ಒಬ್ಬರಿಗೊಬ್ಬರು ಗಂಜಿ ಮಾಡಿ ಕೊಡ್ತಾರ" ಅಂದರೆ ಆಕೆಗೆ ತಿಳಿಯುತ್ತದೆ.

ಇಲ್ಲೇ ಇನ್ನೊಂದು ಮಾತು ಹೇಳಬೇಕು, ಸ್ವಲ್ಪ ಕಷ್ಟದ್ದು. ನಮ್ಮ ಕಡೆ ಸೋದರಮಾವನಿಗೆ ಮದುವೆ ಮಾಡಿಕೊಡುವ ಪದ್ಧತಿ ಇದೆ. ಹೆಣ್ಣು ಮಗು ತೊಟ್ಟಿಲಲ್ಲಿ ಇರುವಾಗಿಂದಲೇ "ಮಾಮಾನ ಹೆಂಡ್ತಿ ಆಗ್ತಿಯೇನು" ಅಂತ ರೇಗಿಸುವುದು ನಡೆದೇ ಇರುತ್ತದೆ. ನಿಮ್ಮ ಮನೆಯಲ್ಲೂ ಇದ್ದರೆ ಇನ್ನು ಸಾಕು ಮಾಡಿಸಿ. ಮಾಮಾ ಗೇ ಎಂದು ತಿಳಿದ ಹುಡುಗಿಗೆ ಈ ಮಾತು ಗೊಂದಲ ಮಾಡುತ್ತದೆ. ತಮಾಷೆಗೆ ನಗಬೇಕಾದ ತಮ್ಮನಿಗೂ ಅದು ನೋವು. ಗೇ ಅಲ್ಲದ ಮಾಮಾ ಇದ್ದರೂ ಏಳು ವರ್ಷದ ಮಗುವಿಗೆ ಈ ಮಾತು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮಂಗಳಮುಖಿಯರ ಬಗ್ಗೆಯೂ ಕೇಳುತ್ತಾಳೆ. ರೈಲಲ್ಲಿ, ಅಂಗಡಿ ಮುಂದೆ ನೋಡಿರುತ್ತಾಳೆ, ಸೌದತ್ತಿ ಯಲ್ಲಮ್ಮನ ಜೋಗಪ್ಪಗಳನ್ನೂ ನೋಡಿರಬಹುದು. ಮಾಮಾನೂ ಹಂಗೇನಾ ಅಂತ ಕೇಳಬಹುದು. ಎರಡೂ ಬೇರೆ ಎಂದು ಹೇಳಿ. ಮಾಮಾ ಗಂಡಸು, ಗಂಡಸನ್ನು ಪ್ರೀತಿಸುತ್ತಾನೆ. ಮಂಗಳಮುಖಿಯರಿಗೆ ಹುಟ್ಟಿದಾಗ ಗಂಡು ಅಂದಿದ್ದರು, ಅವರ ಮನಸ್ಸಿಗೆ ತಾವು ಹಾಗಲ್ಲ ಅಂತ ಗೊತ್ತಾಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಅವರ ಗುರುತನ್ನು ಒಪ್ಪಿಕೊಂಡಿತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ಕೆಲಸದಲ್ಲಿ ಅವರಿಗೆ ಶೇಕಡಾ 1 ಮೀಸಲಾತಿ ಕೊಟ್ಟಿತು. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂತು. ರಾಷ್ಟ್ರಪತಿಗಳ ಮುಂದೆ ನಿಂತು ಸೆರಗಿನಿಂದ ದೃಷ್ಟಿ ತೆಗೆದರಲ್ಲ, ಆ ವಿಡಿಯೊ ತೋರಿಸಿ. ಶಾಲೆಯಲ್ಲಿ ಯಾರಾದರೂ "ಚಕ್ಕಾ" ಅಂತ ಯಾರನ್ನಾದರೂ ಕರೆದರೆ ಅದು ಬೈಗುಳ, ನಾವು ಅನ್ನಬಾರದು ಎಂದು ಆಗಲೇ ಹೇಳಿಬಿಡಿ.

ಅತ್ತೆಯವರ ಮಾತಿಗೆ ಬರುತ್ತೇನೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಮೊಮ್ಮಗಳಿಗೆ ಏನಾದರೂ ಆಗುತ್ತದೆ ಎಂಬ ಅಂಜಿಕೆ ಅವರದ್ದು. ಕೇಳಿದ್ದರಿಂದ, ತಿಳಿದದ್ದರಿಂದ ಯಾರೂ ಗೇ ಆಗುವುದಿಲ್ಲ. ನಿಮ್ಮ ತಮ್ಮ ಬೆಳೆಯುವಾಗ ಮನೆಯಲ್ಲಿ ಯಾರೂ ಈ ಮಾತು ಆಡಿರಲಿಲ್ಲ, ಅಲ್ವಾ? ಡಾಕ್ಟರಿಗೆ ತೋರಿಸಿ ಸರಿ ಮಾಡಿಸೋಣ ಅಂದರೆ, ಹಾಗೆ ಬದಲಾಯಿಸುವ ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ ಎಂದು ತಿಳಿಸಿ. ಕಾಳು ಇಡುವಾಗ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಅವರು ಹುಟ್ಟಿದ ಕಾಳು ಯಾವುದು ಎಂದು ಮೊಮ್ಮಗಳೇ ಕೇಳಲಿ.

ಇದೆಲ್ಲ ಒಂದೇ ದಿನ ಮುಗಿಸಲು ಹೋಗಬೇಡಿ. ಎರಡು ಮೂರು ಸಂಜೆ ಹಿಡಿಯಲಿ. ಮಧ್ಯದಲ್ಲಿ ಎದ್ದು ಆಡಲು ಓಡಿದರೆ ಹೋಗಲಿ ಬಿಡಿ, ಮಕ್ಕಳು ಹಾಗೇ ಕೇಳುತ್ತಾರೆ. ನಿಮಗೆ ಗೊತ್ತಿಲ್ಲದ್ದು ಕೇಳಿದರೆ ಮಾಮಾಗೆ ಫೋನ್ ಹಚ್ಚಿಕೊಡಿ. ಮೊದಲ ಸಂಜೆ ನಲವತ್ತು ಕಾಳು ಎಣಿಸುವಷ್ಟರಲ್ಲಿ ಆಕೆಗೆ ನಿದ್ದೆ ಬಂದರೆ, ಪರಾತದ ಮೇಲೆ ಒಂದು ಪೇಪರ್ ಮುಚ್ಚಿ ಎತ್ತಿಡಿ. ಉಳಿದದ್ದು ನಾಳೆ ಇಡುತ್ತಾಳೆ.